ಹಣ ಕೊಡದವರ ಬೋರ್‌ವೆಲ್‌ಗೂ ನೀರು ಬಂದಿದೆ. ಕೆರೆ ಯಾರ ಹೊಣೆ?

ಪ್ರಶ್ನೆ: ನಾನು ಕಡೂರು ತಾಲ್ಲೂಕಿನ ರೈತ. ನಮ್ಮೂರ ಕೆರೆಗೆ ನೀರು ತರುವ ಕಾಲುವೆ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು ಮುಚ್ಚಿಹೋಗಿತ್ತು. ಎರಡು ವರ್ಷದ ಹಿಂದೆ ಮನೆಗೆ 2,000 ರೂಪಾಯಿಯಂತೆ ವಂತಿಗೆ ಎತ್ತಿ, ಜೆಸಿಬಿ ತರಿಸಿ ಸ್ವಚ್ಛ ಮಾಡಿಸಿದೆವು. 140 ಮನೆಗಳಲ್ಲಿ 60 ಮನೆಯವರು ಮಾತ್ರ ಕೊಟ್ಟರು. ಮಳೆಗಾಲದಲ್ಲಿ ಕೆರೆಗೆ ನೀರು ಬಂತು, ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಚೇತರಿಸಿಕೊಂಡವು. ಹಣ ಕೊಡದವರ ಬೋರ್‌ವೆಲ್‌ಗೂ ನಮ್ಮಷ್ಟೇ ನೀರು. ಈಗ ಕಾಲುವೆಯಲ್ಲಿ ಮತ್ತೆ ಹೂಳು ನಿಂತಿದೆ, ಏರಿಯಲ್ಲೂ ಒಂದು ಕಡೆ ಮಣ್ಣು ಕುಸಿದಿದೆ. ವಂತಿಗೆ ಎಂದರೆ ಹಿಂದೆ ಕೊಟ್ಟವರೇ ಮುಖ ತಿರುಗಿಸುತ್ತಿದ್ದಾರೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುತ್ತಿರುವ ನನ್ನ ಮಗಳು, ‘ಅಪ್ಪಾ, ಇದು ಸಾರ್ವಜನಿಕ ಸರಕು, ಸರ್ಕಾರವೇ ಮಾಡಬೇಕು’ ಎನ್ನುತ್ತಾಳೆ. ಅವಳ ಮಾತು ನಿಜವೇ? ಸರ್ಕಾರ ಬರುವವರೆಗೆ ನಾವು ಸುಮ್ಮನಿರಬೇಕೇ?

ಉತ್ತರ: ನಿಮ್ಮ ಪತ್ರ ಓದಿ ನಾನು ಮೊದಲು ಮಾಡಿದ್ದು ಒಂದು ಲೆಕ್ಕ. 140 ಮನೆಗಳಲ್ಲಿ 60 ಎಂದರೆ ಶೇಕಡ 43. ಈ ಅಂಕಿ ನನಗೆ ಹೊಸದಲ್ಲ. ಹಾಸನದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಇದರ ಆಸುಪಾಸಿನ ಅಂಕಿಗಳನ್ನೇ ನೋಡಿದ್ದೇನೆ. ಆದ್ದರಿಂದ ‘ನಮ್ಮೂರಿನವರೇ ಹೀಗೆ’ ಎಂಬ ಬೇಸರವನ್ನು ಸ್ವಲ್ಪ ಹೊತ್ತು ಬದಿಗಿಡಿ.

ಅರ್ಥಶಾಸ್ತ್ರಜ್ಞರು ಬಹಳ ವರ್ಷಗಳಿಂದ ಒಂದು ಪ್ರಯೋಗ ಮಾಡುತ್ತಾ ಬಂದಿದ್ದಾರೆ. ನಾಲ್ಕು ಮಂದಿಯನ್ನು ಕೂರಿಸಿ ಒಬ್ಬೊಬ್ಬರಿಗೆ 20 ನಾಣ್ಯ ಕೊಡುತ್ತಾರೆ. ಎಷ್ಟು ಬೇಕೋ ಅಷ್ಟನ್ನು ಗುಟ್ಟಾಗಿ ಒಂದು ಹುಂಡಿಗೆ ಹಾಕಬಹುದು, ಉಳಿದದ್ದನ್ನು ಇಟ್ಟುಕೊಳ್ಳಬಹುದು. ಹುಂಡಿಗೆ ಬಿದ್ದ ಹಣವನ್ನು 1.6 ಪಟ್ಟು ಮಾಡಿ, ಹಾಕಿದವರು ಹಾಕದವರು ಎಂದು ನೋಡದೆ ನಾಲ್ವರಿಗೂ ಸಮನಾಗಿ ಹಂಚುತ್ತಾರೆ. ಎಲ್ಲರೂ ಪೂರ್ತಿ ಹಾಕಿದರೆ ಒಬ್ಬೊಬ್ಬರ ಕೈಗೆ 32 ನಾಣ್ಯ ಬರುತ್ತದೆ. ಆದರೆ ನಾನು ಹಾಕುವ ಒಂದು ನಾಣ್ಯದಿಂದ ನನಗೆ ತಿರುಗಿ ಬರುವುದು ಆ ನಾಣ್ಯದ ಶೇಕಡ 40ರಷ್ಟೇ. ಹಾಗಾಗಿ ನನ್ನೊಬ್ಬನ ಲಾಭ ನೋಡಿಕೊಂಡರೆ ಹಾಕದಿರುವುದೇ ಮೇಲು. ದೇಶ ಯಾವುದೇ ಇರಲಿ, ಮೊದಲ ಸುತ್ತಿನಲ್ಲಿ ಜನ ಸಾಮಾನ್ಯವಾಗಿ ತಮ್ಮಲ್ಲಿರುವುದರ ಶೇಕಡ 40ರಿಂದ 60ರಷ್ಟನ್ನು ಹುಂಡಿಗೆ ಹಾಕುತ್ತಾರೆ. ಆಮೇಲೆ ಸುತ್ತು ಸುತ್ತಿಗೂ ಅದು ಇಳಿಯುತ್ತದೆ. ಹತ್ತನೇ ಸುತ್ತಿಗೆ ಹುಂಡಿಯ ತಳ ಕಾಣುತ್ತದೆ.

ನಿಮ್ಮೂರು ಈಗ ಎರಡನೇ ಸುತ್ತಿನಲ್ಲಿದೆ.

ಈ ಇಳಿತಕ್ಕೆ ಕಾರಣವೇನೆಂದು ಹುಡುಕಿದವರಿಗೆ ಸಿಕ್ಕ ಉತ್ತರ ನಿಮ್ಮ ಪಾಲಿಗೆ ಬಹಳ ಮುಖ್ಯ. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದ ಜನ, ಇತರರು ಏನೇ ಮಾಡಲಿ, ತಾವು ಕೊಡಲಿಲ್ಲ. ಸುಮಾರು ಅರ್ಧದಷ್ಟು ಜನರ ನಿಲುವು ಬೇರೆ: ‘ಇತರರು ಕೊಟ್ಟರೆ ನಾನೂ ಕೊಡುತ್ತೇನೆ.’ ಇವರು ದುರಾಸೆಯವರಲ್ಲ. ಮೊದಲ ಸುತ್ತಿನಲ್ಲಿ ಕೊಟ್ಟು, ಕೊಡದವರು ಹಾಯಾಗಿರುವುದನ್ನು ಕಂಡು, ಎರಡನೇ ಸುತ್ತಿನಲ್ಲಿ ಕೈ ಹಿಂದೆಗೆಯುವವರು ಇವರೇ. ಇವರನ್ನು ತಡೆಯುವುದು ಜಿಪುಣತನವಲ್ಲ, ಮೋಸಹೋಗುವ ಭಯ. ಊರ ದನ ಕಾಯ್ದು ದೊಡ್ಡ ಬೋರೇಗೌಡ ಎನ್ನಿಸಿಕೊಂಡಂತೆ ಆಗಬಾರದು ಎಂಬ ಭಯ. ನಿಮ್ಮತ್ತ ಮುಖ ತಿರುಗಿಸುತ್ತಿರುವವರು ಈ ಗುಂಪಿನವರು ಎಂದು ನಾನು ನಂಬುತ್ತೇನೆ. ಅವರಿಗೆ ಊರಿನ ಅಭಿಮಾನದ ಭಾಷಣ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಅವರಲ್ಲಿ ಅಭಿಮಾನದ ಕೊರತೆ ಇಲ್ಲ. ಅವರ ಭಯ ಹೋಗಬೇಕು.

ಅರಮನೆಯ ಕೊಳಕ್ಕೆ ರಾತ್ರಿ ಮನೆಗೊಂದು ಚೊಂಬು ಹಾಲು ಸುರಿಯಿರಿ ಎಂದು ಅರಸ ಡಂಗುರ ಹೊಡೆಸಿದ ಕಥೆಯನ್ನು ನೀವೂ ಕೇಳಿರುತ್ತೀರಿ. ನಾನೊಬ್ಬ ನೀರು ಸುರಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಪ್ರತಿಯೊಬ್ಬನೂ ಎಣಿಸಿ, ಬೆಳಿಗ್ಗೆ ನೋಡಿದರೆ ಕೊಳದ ತುಂಬ ನೀರೇ ಇತ್ತಂತೆ. ಈ ಕಥೆಯನ್ನು ಪ್ರಜೆಗಳ ಕಪಟಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ತರಗತಿಯಲ್ಲಿ ನಾನು ಮಕ್ಕಳಿಗೆ ಕೇಳುತ್ತಿದ್ದುದು ಬೇರೆ ಪ್ರಶ್ನೆ: ಅರಸ ರಾತ್ರಿಯೇ ಏಕೆ ಸುರಿಯಲು ಹೇಳಿದ? ಹಗಲು ಹೊತ್ತಿನಲ್ಲಿ, ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಚೊಂಬು ಎಲ್ಲರಿಗೂ ಕಾಣುವಂತೆ ಸುರಿಸಿದ್ದರೆ? ಒಂದು ವರ್ಷ ಮೇಲೆ ಹೇಳಿದ ಪ್ರಯೋಗವನ್ನು ಚೀಟಿಗಳಲ್ಲಿ ತರಗತಿಯಲ್ಲೇ ಮಾಡಿದೆ. ಗುಟ್ಟಾಗಿ ಆಡಿದ ಐದಾರು ಸುತ್ತಿನಲ್ಲಿ ಹುಂಡಿ ಬರಿದಾಯಿತು. ಏಳನೇ ಸುತ್ತಿನಿಂದ ಯಾರು ಎಷ್ಟು ಹಾಕಿದರು ಎಂದು ಹೆಸರು ಹಿಡಿದು ಓದತೊಡಗಿದೆ. ಅವೇ ಮಕ್ಕಳು, ಅದೇ ಹುಂಡಿ. ಚೀಟಿಗಳು ಮತ್ತೆ ಬೀಳತೊಡಗಿದವು. ಆ ಮಕ್ಕಳ ಗುಣ ಹತ್ತು ನಿಮಿಷದಲ್ಲಿ ಬದಲಾಗಿರಲಿಲ್ಲ, ಆಟದ ನಿಯಮ ಬದಲಾಗಿತ್ತು.

ಈಗ ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಅವಳು ಹೇಳಿದ್ದು ಅರ್ಧ ಸರಿ. ಸರ್ಕಾರ ಕೊಡುವುದೆಲ್ಲ ಸಾರ್ವಜನಿಕ ಸರಕಲ್ಲ, ಸಾರ್ವಜನಿಕ ಸರಕನ್ನೆಲ್ಲ ಸರ್ಕಾರವೇ ಕೊಡಬೇಕು ಎಂದೂ ಇಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಸರ್ಕಾರಿ ಬಸ್ಸಿನ ಸೀಟಿನಲ್ಲಿ ನೀವು ಕುಳಿತರೆ ಇನ್ನೊಬ್ಬರು ನಿಲ್ಲಬೇಕು. ಟಿಕೆಟ್ ಇಲ್ಲದವರನ್ನು ಕಂಡಕ್ಟರ್ ಇಳಿಸಬಹುದು. ಬಸ್ಸು ಸರ್ಕಾರದ್ದಾದರೂ ಆ ಸೀಟು ಖಾಸಗಿ ಸರಕೇ. ಅದೇ ನಿಮ್ಮ ಪಕ್ಕದ ಮನೆಯವರು ತಮ್ಮ ಖರ್ಚಿನಲ್ಲಿ ಬೀದಿಗೆ ಒಂದು ದೀಪ ಹಾಕಿಸಿದರೆ ಅದು ಸಾರ್ವಜನಿಕ ಸರಕು. 1954ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಈ ಕಲ್ಪನೆಗೆ ಗಣಿತದ ರೂಪ ಕೊಟ್ಟರು. ಅವರ ನಂತರ ಪಠ್ಯಪುಸ್ತಕಗಳು ಎರಡು ಲಕ್ಷಣಗಳನ್ನು ಹೇಳುತ್ತಾ ಬಂದಿವೆ: ಒಬ್ಬರು ಬಳಸಿದ್ದರಿಂದ ಇನ್ನೊಬ್ಬರಿಗೆ ಕಡಿಮೆಯಾಗಬಾರದು, ಹಣ ಕೊಡದವರನ್ನು ಹೊರಗಿಡಲು ಆಗಬಾರದು.

ಇವೆರಡೂ ಪೂರ್ತಿ ಕೂಡಿಬಂದ ಸರಕು ಅಪರೂಪ. ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದರೆ ಆಕಾಶಕ್ಕೆ ಮುಖ ಮಾಡಿದ ದೊಡ್ಡ ಆಂಟೆನಾಗಳ ಆವರಣ ಸಿಗುತ್ತದೆ. ಅದು ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ. ಊರಿನವರೆಲ್ಲ ಎಂಸಿಎಫ್ ಎನ್ನುತ್ತೇವೆ. ದೇಶದ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ಅಲ್ಲಿಂದ ನೋಡಿಕೊಳ್ಳುತ್ತಿದ್ದಾರೆ, ಮೋಡಗಳ ಚಿತ್ರ ಕಳುಹಿಸುವ ಇನ್ಸಾಟ್ ಹವಾಮಾನ ಉಪಗ್ರಹಗಳನ್ನೂ ಸೇರಿಸಿ. ಆ ಚಿತ್ರದಿಂದ ಸಿಕ್ಕ ಮಳೆಯ ಮುನ್ಸೂಚನೆಯನ್ನು ಅರಸೀಕೆರೆಯ ತೆಂಗಿನ ರೈತ ಕೇಳಿಸಿಕೊಂಡರೆ ಒಡಿಶಾದ ಮೀನುಗಾರನಿಗೆ ಕಡಿಮೆಯಾಗುವುದಿಲ್ಲ. 1999ರಲ್ಲಿ ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಅಪ್ಪಳಿಸಿದಾಗ ಸತ್ತವರು ನೂರಕ್ಕಿಂತ ಕಡಿಮೆ. ಮುಂಚಿತವಾಗಿ ಸಿಕ್ಕ ಎಚ್ಚರಿಕೆ, ಅದನ್ನು ನಂಬಿ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ ಆಡಳಿತ, ಎರಡೂ ಸೇರಿ ಆ ಜೀವಗಳನ್ನು ಉಳಿಸಿದವು. ಇಂಥದ್ದನ್ನು ವಂತಿಗೆ ಎತ್ತಿ ಮಾಡಲಾಗದು. ತೆರಿಗೆ ಬೇಕು, ಸರ್ಕಾರ ಬೇಕು. ಇಲ್ಲಿ ನಿಮ್ಮ ಮಗಳದು ಪೂರ್ತಿ ಸರಿ.

ನಿಮ್ಮ ಕೆರೆ ಹಾಗಲ್ಲ. ಅದರೊಳಗೆ ಎರಡು ಬೇರೆ ಬೇರೆ ಸರಕುಗಳಿವೆ, ನಿಮ್ಮ ಪ್ರಶ್ನೆಯಲ್ಲಿ ಅವು ಒಂದರೊಳಗೊಂದು ಸೇರಿಕೊಂಡಿವೆ. ಹೂಳು ತೆಗೆದ ಕಾಲುವೆ, ಭದ್ರವಾದ ಏರಿ ಇವು ಸಾರ್ವಜನಿಕ ಸರಕು. ಒಮ್ಮೆ ಆದರೆ ಊರಿಗೆಲ್ಲ ಆದಂತೆ. ಆದರೆ ಆ ಕಾಲುವೆಯಲ್ಲಿ ಹರಿದು ಬಂದು ಇಂಗಿದ ನೀರು ಹಾಗಲ್ಲ. ನಾನು ಎತ್ತಿದ ಕೊಡ ನಿಮಗೆ ಸಿಗುವುದಿಲ್ಲ. ಹೊರಗಿಡುವುದು ಕಷ್ಟ, ಆದರೆ ಬಳಸಿದಷ್ಟೂ ಕಡಿಮೆಯಾಗುತ್ತದೆ. ಇದನ್ನು ಸಾಮೂಹಿಕ ಸಂಪನ್ಮೂಲ ಎನ್ನುತ್ತಾರೆ. ಮೊದಲನೆಯದರ ತೊಂದರೆ ‘ಯಾರು ಮಾಡಬೇಕು’ ಎಂಬುದು, ಎರಡನೆಯದರ ತೊಂದರೆ ‘ಯಾರು ಎಷ್ಟು ಎತ್ತಬೇಕು’ ಎಂಬುದು. ಮೊದಲನೆಯದನ್ನು ಬಗೆಹರಿಸಲು ಹೊರಟು ಎರಡನೆಯದರ ಬಗ್ಗೆ ಮಾತೇ ಆಡದಿದ್ದರೆ ಊರಿನಲ್ಲಿ ಅಸಮಾಧಾನ ಕುದಿಯುತ್ತಲೇ ಇರುತ್ತದೆ. 2,000 ರೂಪಾಯಿ ಕೊಟ್ಟವರಿಗೆ ನೋವಾಗಿರುವುದು ಕಾಲುವೆಯಿಂದಲ್ಲ, ಕೊಡದವರ ತೋಟದಲ್ಲಿ ಓಡುತ್ತಿರುವ ಮೋಟಾರಿನಿಂದ.

ಹಿಂದಿನವರು ಈ ಎರಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದರು. ಆ ಕೈ ನೀರುಗಂಟಿಯದು.

ನಾನು ಹುಟ್ಟಿದ್ದು ಅರಸೀಕೆರೆ ಸೀಮೆಯಲ್ಲಿ. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬೆಳಗಿನ ಜಾವ ಏರಿಯ ಮೇಲೆ ನಡೆದು ಹೋಗುತ್ತಿದ್ದ ನೀರುಗಂಟಿಯನ್ನು ಚಿಕ್ಕಂದಿನಲ್ಲಿ ನೋಡಿದ ನೆನಪಿದೆ. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ಅವನು. ಕಾಲುವೆ ಕೆಲಸಕ್ಕೆ ಆಳು ಕಳುಹಿಸದ ಮನೆಯ ಗದ್ದೆಗೆ ನೀರಿನ ಸರದಿ ಬರುತ್ತಿರಲಿಲ್ಲ, ಅಥವಾ ಕೊನೆಗೆ ಬರುತ್ತಿತ್ತು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ತೂಬು ಇದ್ದಷ್ಟು ಕಾಲ ಕೆರೆಯ ನೀರಿನಿಂದ ಒಬ್ಬನನ್ನು ಹೊರಗಿಡುವುದು ಸಾಧ್ಯವಿತ್ತು. ನೀರಿನ ಹಂಚಿಕೆಯೇ ಕಾಲುವೆ ಕೆಲಸಕ್ಕೆ ಜಾಮೀನಾಗಿತ್ತು.

ಬೋರ್‌ವೆಲ್ ಬಂದು ಈ ಜಾಮೀನನ್ನು ಮುರಿಯಿತು. ಇಂಗುವ ನೀರು ಯಾರ ಹತ್ತಿರವೂ ರಸೀದಿ ಕೇಳುವುದಿಲ್ಲ. ಅದರ ಮೇಲೆ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ; ಒಂದು ಕೊಡ ಹೆಚ್ಚು ಎತ್ತಿದರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ರೈತನಿಗೆ ನೆರವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈ ಒಂದು ನೆರವು ಊರಿನವರೆಲ್ಲ ಒಟ್ಟಿಗೆ ಕುಳಿತುಕೊಳ್ಳಬೇಕಾದ ಅಗತ್ಯವನ್ನೇ ಅಳಿಸಿಹಾಕಿತು ಎಂಬುದು ನನ್ನ ದೃಢ ಅಭಿಪ್ರಾಯ. ನೇಪಾಳದ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿದ ಎಲಿನರ್ ಆಸ್ಟ್ರಮ್ ಮತ್ತು ಅವರ ಸಂಗಡಿಗರು ಇದೇ ಬಗೆಯ ಸಂಗತಿಯನ್ನು ಕಂಡರು. ಕಲ್ಲು, ಮಣ್ಣು, ಕೊಂಬೆಗಳಿಂದ ರೈತರೇ ಪ್ರತಿವರ್ಷ ಕಟ್ಟುತ್ತಿದ್ದ ಒಡ್ಡುಗಳಿದ್ದಲ್ಲಿ ಕಾಲುವೆಯ ತಲೆಯಲ್ಲಿರುವವರಿಗೆ ಬಾಲದಲ್ಲಿರುವವರ ದುಡಿಮೆ ಬೇಕಾಗಿತ್ತು; ಆದ್ದರಿಂದ ಅವರಿಗೂ ನೀರು ಬಿಡುತ್ತಿದ್ದರು. ಸರ್ಕಾರ ಕಾಂಕ್ರೀಟಿನ ಒಡ್ಡು ಕಟ್ಟಿಕೊಟ್ಟ ಕಡೆ ಆ ಅವಲಂಬನೆ ಹೋಯಿತು, ಎಷ್ಟೋ ಕಡೆ ಬಾಲದವರ ಗದ್ದೆಗೆ ನೀರು ತಲುಪುವುದು ಕಡಿಮೆಯಾಯಿತು. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಹಳೆಯ ವ್ಯವಸ್ಥೆಯನ್ನು ಹೊಗಳಿ ಮುಗಿಸಿದರೆ ಮಾತ್ರ ಅದು ಅಪ್ರಾಮಾಣಿಕವಾಗುತ್ತದೆ. ‘ಬಿಟ್ಟಿ’ ಎಂಬ ನಮ್ಮ ಮಾತನ್ನೇ ನೋಡಿ. ಇಂದು ಅದಕ್ಕೆ ಪುಕ್ಕಟೆ ಎಂದು ಅರ್ಥ. ಹಿಂದೆ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆಗೆ ಬಿಟ್ಟಿ ಎನ್ನುತ್ತಿದ್ದರು. ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ಕಾಪಾಡಿದವರಿಗೆ ಕೊಡಗೆಯಾಗಿ ಭೂಮಿ ಬಿಟ್ಟುದನ್ನು ಓದಿ ನಾವು ಹೆಮ್ಮೆ ಪಡುತ್ತೇವೆ. ಮಣ್ಣು ಹೊತ್ತವರ ಹೆಸರು ಆ ಕಲ್ಲುಗಳಲ್ಲಿ ಸಿಗುವುದು ಕಷ್ಟ. ಎಷ್ಟೋ ಊರುಗಳಲ್ಲಿ ಏರಿ ಕಾಯ್ದ, ಹೂಳು ಹೊತ್ತ ಜಾತಿಯವರಿಗೇ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಸಾರ್ವಜನಿಕ ಸರಕಿನಿಂದ ಯಾರನ್ನೂ ಹೊರಗಿಡಲಾಗದು ಎಂದು ಪುಸ್ತಕ ಹೇಳುತ್ತದೆ, ಜಾತಿ ಅದನ್ನೂ ಮಾಡಿ ತೋರಿಸಿತು. 1923ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ನಿರ್ಣಯ ಮಾಡಿದ್ದರೂ, 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮೆರವಣಿಗೆ ಹೋಗಬೇಕಾಯಿತು. ನೀವು ಕೆರೆ ಸಮಿತಿ ಮಾಡುವಾಗ ಇದನ್ನು ನೆನಪಿಡಿ ಎಂದು ಕೈಮುಗಿದು ಕೇಳುತ್ತೇನೆ. ಊರಿನ ಎಲ್ಲ ಕೇರಿಗಳ ಜನ, ಹೆಂಗಸರು, ಜಮೀನಿಲ್ಲದವರು ಅದರಲ್ಲಿ ಇರಬೇಕು. ಇದ್ದರೆ ಸಾಲದು, ಅವರ ಮಾತು ನಡೆಯಬೇಕು.

ಈ ಕಾರಣಕ್ಕೇ ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ತೆಗೆದು ನೋಡಿ. ಕೊಡದ 80 ಮನೆಗಳಲ್ಲಿ ಜಮೀನಿಲ್ಲದವರು ಎಷ್ಟು? ಮೂರು ಬೋರ್‌ವೆಲ್ ಇರುವ ಅಡಿಕೆ ತೋಟದವರಿಗೂ 2,000, ಕೂಲಿಗೆ ಹೋಗುವ ಮನೆಗೂ 2,000 ಎಂದರೆ ಅದು ಸಮಾನತೆಯಲ್ಲ. ಕೂಲಿ ಮನೆಯವರಿಗೆ ಕೆರೆ ತುಂಬಿದ್ದರಿಂದ ಸಿಕ್ಕಿದ್ದು ಬಹುಶಃ ದನಕರುಗಳಿಗೆ ನೀರು, ಬಟ್ಟೆ ಒಗೆಯಲು ನೀರು, ಹೆಚ್ಚೆಂದರೆ ಕೆಲವು ದಿನದ ಹೆಚ್ಚಿನ ಕೂಲಿ. ಅವರು ಇತರರ ಖರ್ಚಿನಲ್ಲಿ ಲಾಭ ಪಡೆಯುವ ಪುಕ್ಕಟೆ ಸವಾರರಲ್ಲ. ತಮಗೆ ಸಿಗುವುದಕ್ಕಿಂತ ಹೆಚ್ಚು ಕೇಳಿದ್ದಕ್ಕೆ ಇಲ್ಲ ಎಂದವರು. ಪಡೆಯುವ ಲಾಭಕ್ಕೆ ತಕ್ಕ ಪಾಲು ಕೊಡುವುದೇ ನ್ಯಾಯ ಎಂದು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಎರಿಕ್ ಲಿಂಡಾಲ್ 1919ರಲ್ಲೇ ವಾದಿಸಿದ್ದರು. ದೇಶದ ಮಟ್ಟದಲ್ಲಿ ಯಾರಿಗೆ ಎಷ್ಟು ಲಾಭವೆಂದು ತಿಳಿಯುವುದು ಅಸಾಧ್ಯ, ಏಕೆಂದರೆ ಕೇಳಿದರೆ ಎಲ್ಲರೂ ಕಡಿಮೆ ಹೇಳುತ್ತಾರೆ. ಊರಿನಲ್ಲಿ ಅದು ಗುಟ್ಟಲ್ಲ. ಯಾರ ತೋಟದಲ್ಲಿ ಎಷ್ಟು ಇಂಚು ನೀರು ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತು.

ಸರ್ಕಾರದ ಪಾತ್ರ ಎಲ್ಲಿಂದ ಶುರುವಾಗಬೇಕು ಎಂಬುದನ್ನೂ ನೀರೇ ಹೇಳುತ್ತದೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾ ಹೊಳೆ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ನಿಮ್ಮ ಕೆರೆಯ ಕೋಡಿ ಇನ್ನೊಂದು ಊರಿನ ಕೆರೆಗೆ ಕಾಲುವೆ. ಮೇಲಿನವರು ಒಡ್ಡು ಎತ್ತರಿಸಿದರೆ ಕೆಳಗಿನವರಿಗೆ ಹನಿ ಇಲ್ಲ. ಇದನ್ನು ಯಾವ ಒಂದು ಊರೂ ತೀರ್ಮಾನಿಸಲಾಗದು. ಲಾಭ ಹರಡುವ ಸೀಮೆಯೂ ಖರ್ಚು ಹೊರುವ ಸೀಮೆಯೂ ಒಂದೇ ಆಗಿರಬೇಕು ಎಂಬುದು ಈ ಶಾಸ್ತ್ರದ ಹಳೆಯ ಸೂತ್ರ. ಊರಿನದ್ದು ಊರಿಗೆ, ಹಳ್ಳದ್ದು ಜಿಲ್ಲೆಗೆ, ನದಿಯದ್ದು ರಾಜ್ಯಕ್ಕೆ.

ಮಲೆನಾಡಿನ ಓದುಗರು ಇಲ್ಲಿ ತಮ್ಮ ಕಷ್ಟವನ್ನೂ ಗುರುತಿಸಬಹುದು. ಸಕಲೇಶಪುರ, ಆಲೂರು ಕಡೆ ಒಬ್ಬರು ತಮ್ಮ ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿದರೆ ಆನೆ ಕಾಡಿಗೆ ಮರಳುವುದಿಲ್ಲ, ಪಕ್ಕದ ತೋಟಕ್ಕೆ ಹೋಗುತ್ತದೆ. ಒಬ್ಬರ ಸುರಕ್ಷತೆ ಇನ್ನೊಬ್ಬರ ಅಪಾಯವಾಗುವ ಕಡೆ ವೈಯಕ್ತಿಕ ಖರ್ಚು ಹೆಚ್ಚಿದಷ್ಟೂ ಒಟ್ಟು ನಷ್ಟ ತಗ್ಗುವುದಿಲ್ಲ. ಆದರೆ ಆನೆ ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ನೂರು ಜನ ಓದಿದರೂ ಸವೆಯುವುದಿಲ್ಲ. ಕಾಫಿಯಲ್ಲಿ ಕಾಯಿಕೊರಕ ಕೀಟದ ಕಥೆಯೂ ಇಂಥದ್ದೇ. ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣನ್ನು ಒಬ್ಬ ಬೆಳೆಗಾರ ಆರಿಸದೆ ಬಿಟ್ಟರೆ, ಹತ್ತು ಮಂದಿ ಆರಿಸಿದ ಶ್ರಮ ಮುಂದಿನ ವರ್ಷ ಮಣ್ಣುಪಾಲು. ಮಂಗನ ಕಾಯಿಲೆಯಲ್ಲಿ ಒಂದು ಸೂಕ್ಷ್ಮವಿದೆ. ಅದು ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಪೋಲಿಯೊದಲ್ಲಿ ಆಗುವಂತೆ ಒಬ್ಬರ ಲಸಿಕೆ ಪಕ್ಕದವರನ್ನೂ ಕಾಯುವುದು ಇಲ್ಲಿ ಸಾಧ್ಯವಿಲ್ಲ. ಅಲ್ಲಿ ಊರಿಗೆಲ್ಲ ಒದಗುವ ಸರಕು ಯಾವುದೆಂದರೆ, ಕಾಡಂಚಿನಲ್ಲಿ ಸತ್ತ ಮಂಗನನ್ನು ಕಂಡವರು ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದು. ಕೊಪ್ಪ, ನರಸಿಂಹರಾಜಪುರದವರಿಗೆ ಇದರ ಬೆಲೆ ಗೊತ್ತು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ್ದು ಇನ್ನೊಂದು ಬಗೆ. 1925ರಲ್ಲಿ ಪ್ರಯೋಗ ಕೇಂದ್ರವಾಗಿ ಶುರುವಾದ ಅಲ್ಲಿಂದ ಎಸ್.795ರಂಥ ತಳಿ ಬಂತು. ತಳಿಯ ಜ್ಞಾನ ಒಮ್ಮೆ ಹೊರಬಂದರೆ ಹತ್ತು ಎಕರೆಯವನಿಗೂ ಸಾವಿರ ಎಕರೆಯವನಿಗೂ ಒಂದೇ. ಹಾಗಾಗಿ ಯಾವ ಒಬ್ಬ ಬೆಳೆಗಾರನೂ ಅಂಥ ಸಂಶೋಧನೆಗೆ ಸ್ವಂತ ಹಣ ಸುರಿಯಲಾರ. 1935ರಲ್ಲಿ ಕಾನೂನು ಮಾಡಿ ರಫ್ತಾಗುವ ಕಾಫಿಯ ಮೇಲೆ ಸೆಸ್ ಹಾಕಿದ್ದು ಇಡೀ ಉದ್ಯಮಕ್ಕೆ ಬೇಕಾದ ಇಂಥ ಕೆಲಸಗಳಿಗಾಗಿ. ರಫ್ತು ಮಾಡಿದಷ್ಟಕ್ಕೆ ತಕ್ಕ ಪಾಲು, ತಪ್ಪಿಸಿಕೊಳ್ಳುವ ದಾರಿಯಿಲ್ಲ, ಎಲ್ಲರೂ ಕೊಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ತೆರಿಗೆ ಎಂದರೆ ಇಷ್ಟೇ ಅಲ್ಲವೇ? ‘ನೀವು ಕೊಡುವುದಾದರೆ ನಾನೂ ಕೊಡುತ್ತೇನೆ’ ಎಂಬ ಮಾತಿಗೆ ಕಾನೂನಿನ ಮುದ್ರೆ.

ಇನ್ನು ಮುಂದೇನು ಎಂಬ ಪ್ರಶ್ನೆ. ಏರಿಯ ಕುಸಿತವನ್ನು ನೀವೇ ಮುಟ್ಟಬೇಡಿ. ವಂತಿಗೆ ಹಣದಲ್ಲಿ ಜೆಸಿಬಿ ತಂದು ಏರಿಗೆ ಮಣ್ಣು ಒಟ್ಟುವುದು ಅಪಾಯ. ಏರಿಗೆ ಹಾಕುವ ಮಣ್ಣಿನ ಬಗೆ, ಅದನ್ನು ಪದರ ಪದರವಾಗಿ ದಮ್ಮಸು ಮಾಡುವ ರೀತಿ ತಪ್ಪಿದರೆ ಮೊದಲ ದೊಡ್ಡ ಮಳೆಗೆ ಕೆಳಗಿನ ಹೊಲ ಮನೆಗಳು ಹೋಗುತ್ತವೆ. ಇದು ಸರ್ಕಾರದ ಎಂಜಿನಿಯರ್ ಕೆಲಸ, ಇಲ್ಲಿ ನಿಮ್ಮ ಮಗಳ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಸಾಮಾನ್ಯವಾಗಿ ಅಚ್ಚುಕಟ್ಟು, ಅಂದರೆ ಕೆರೆಯಿಂದ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ, 40ರಿಂದ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಯಾರದೆಂದು ತಿಳಿದುಕೊಂಡು, ಫೋಟೊ ಸಮೇತ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ನಿರ್ಣಯವಾಗಿ ದಾಖಲಾಗಲಿ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಇದೆ. ಕಾಲುವೆಯ ಜಾಗದಲ್ಲಿ ಯಾರಾದರೂ ಒತ್ತುವರಿ ಮಾಡಿದ್ದರೆ ಅದರ ಅಳತೆ, ತೆರವು ಕೂಡ ಸರ್ಕಾರದ್ದೇ. ನೆರೆಯವರ ಬೇಲಿ ಕೀಳುವ ಕೆಲಸವನ್ನು ಊರಿನವರ ತಲೆಗೆ ಕಟ್ಟಬಾರದು.

ಕಾಲುವೆಯ ವಾರ್ಷಿಕ ಹೂಳು ಮಾತ್ರ ನಿಮ್ಮದು. ಅದಕ್ಕೆ ಇಲಾಖೆಯನ್ನು ಕಾಯುತ್ತಾ ಕುಳಿತರೆ ಪ್ರತಿ ಮುಂಗಾರೂ ಕೈತಪ್ಪುತ್ತದೆ. ಒಮ್ಮೆ ಯೋಚಿಸಿ: ನಿಮ್ಮೂರಲ್ಲಿ ಜಾತ್ರೆಗೆ ವಂತಿಗೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಪಟ್ಟಿ ಬರೆಯುತ್ತಾರೆ, ಎಲ್ಲರೆದುರು ಓದುತ್ತಾರೆ, ಖರ್ಚಿನ ಲೆಕ್ಕ ಹಬ್ಬ ಮುಗಿದ ವಾರದಲ್ಲೇ ಒಪ್ಪಿಸುತ್ತಾರೆ. ಆ ಕ್ರಮವನ್ನೇ ಕೆರೆಗೆ ತನ್ನಿ. ಮೊದಲು ಹಣ ಎತ್ತಬೇಡಿ, ಸಹಿ ಎತ್ತಿ. ‘ಇಂತಿಷ್ಟು ಮನೆಯವರು ಒಪ್ಪಿದರೆ ಮಾತ್ರ ನಾನು ಕೊಡುತ್ತೇನೆ, ಅಷ್ಟು ಆಗದಿದ್ದರೆ ಯಾರೂ ಕೊಡಬೇಕಿಲ್ಲ’ ಎಂಬ ಕರಾರಿಗೆ ಸಹಿ. ಒಪ್ಪಿದರೂ ಮೋಸಹೋಗುವುದಿಲ್ಲ ಎಂಬ ಧೈರ್ಯ ಬಂದರೆ, ಮುಖ ತಿರುಗಿಸಿದವರಲ್ಲಿ ಬಹಳ ಮಂದಿ ತಿರುಗಿ ಬರುತ್ತಾರೆ. ಪಾಲನ್ನು ಮನೆಗಿಷ್ಟು ಎಂದು ಮಾಡದೆ ಬೋರ್‌ವೆಲ್‌ಗಿಷ್ಟು ಎಂದು ಮಾಡಿ. ಹಣವಿಲ್ಲದವರು ಎರಡು ದಿನ ಆಳಾಗಿ ಬರಲಿ, ಅದಕ್ಕೆ ಪೇಟೆಯ ಕೂಲಿಯನ್ನೇ ಲೆಕ್ಕ ಹಿಡಿಯಿರಿ. ಹೂಳು ಒಳ್ಳೆಯ ಗೊಬ್ಬರದ ಮಣ್ಣಾಗಿದ್ದರೆ ಟ್ರ್ಯಾಕ್ಟರ್ ಲೋಡಿಗೆ ಇಷ್ಟೆಂದು ದರ ಕಟ್ಟಿ, ಪಾಲು ಕೊಟ್ಟವರಿಗೆ ಮೊದಲ ಸರದಿ ಕೊಡಿ. ಕೆರೆಯಂಗಳದಿಂದ ಮಣ್ಣು ತೆಗೆಯುವುದಾದರೆ ಮೊದಲು ಅನುಮತಿ ಪಡೆಯಿರಿ. ನೀರಿನಿಂದ ಹೊರಗಿಡಲಾಗದವರನ್ನು ಹೂಳಿನಿಂದ ಹೊರಗಿಡಬಹುದು. ಕೆರೆ ಪಂಚಾಯಿತಿಯ ವಶದಲ್ಲಿದ್ದು ಮೀನಿನ ಹರಾಜು ನಡೆಯುತ್ತಿದ್ದರೆ, ಆ ಹಣದ ಒಂದು ಭಾಗ ಕಾಲುವೆಗೆ ಮೀಸಲಾಗಲಿ ಎಂದು ಗ್ರಾಮಸಭೆಯಲ್ಲಿ ಕೇಳಿ.

ಕೊಡದವರಿಗೆ ಏನು ಶಿಕ್ಷೆ? ಕುಡಿಯುವ ನೀರು ನಿಲ್ಲಿಸುವುದು, ಮಾತು ಬಿಡಿಸುವುದು, ಶುಭಕಾರ್ಯಕ್ಕೆ ಕರೆಯದಿರುವುದು ಇವು ಬೇಡವೇ ಬೇಡ. ಬಹಿಷ್ಕಾರ ಎಂದೂ ಬಲವಿದ್ದವನ ಮೇಲೆ ಬೀಳುವುದಿಲ್ಲ, ಬಡವನ ಮೇಲೆಯೇ ಬೀಳುತ್ತದೆ. ಬಾಳಿಕೆ ಬಂದ ಸಮುದಾಯಗಳಲ್ಲಿ ಆಸ್ಟ್ರಮ್ ಕಂಡ ದಂಡನೆಗಳು ಮೊದಲಿಗೆ ಬಹಳ ಹಗುರಾಗಿದ್ದವು, ತಪ್ಪು ಮರುಕಳಿಸಿದರಷ್ಟೇ ಏರುತ್ತಿದ್ದವು. ಪಟ್ಟಿಯಲ್ಲಿ ಹೆಸರಿನ ಮುಂದೆ ‘ಬಾಕಿ’ ಎಂದು ಬರೆದು ಅರಳಿಕಟ್ಟೆಯ ಬಳಿ ಹಾಕಿದರೆ ಮೊದಲ ವರ್ಷಕ್ಕೆ ಸಾಕು. ಏನೇ ಮಾಡಿದರೂ ಕೊಡದ ಕೆಲವರು ಇದ್ದೇ ಇರುತ್ತಾರೆ. ಅವರ ನೀರಿನ ಲೆಕ್ಕ ಹಾಕುತ್ತಾ ಕೆಲಸ ನಿಲ್ಲಿಸಬೇಡಿ. ಕೊಟ್ಟವರ ಲಾಭ ಅವರ ಖರ್ಚಿಗಿಂತ ಹೆಚ್ಚಿದ್ದರೆ ಕಾಲುವೆ ತೆಗೆಯುವುದೇ ಸರಿ.

ಎರಡು ವರ್ಷದ ಹಿಂದೆ ಎತ್ತಿದ 1,20,000 ರೂಪಾಯಿ ಹೇಗೆ ಖರ್ಚಾಯಿತು ಎಂಬ ಲೆಕ್ಕವನ್ನು ಊರಿನ ಮುಂದೆ ಓದಿದ್ದೀರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಓದಿಲ್ಲವಾದರೆ ಮೊದಲ ಸಭೆಯನ್ನು ಅದರಿಂದಲೇ ಶುರು ಮಾಡಿ, ಜೆಸಿಬಿಯ ಗಂಟೆಗಳ ರಸೀದಿ ಸಮೇತ. ಹೊಸ ಪಟ್ಟಿಯನ್ನು ಬರೆಯುವ ಕೆಲಸ ನಿಮ್ಮ ಮಗಳಿಗೆ ಕೊಡಿ. ಯಾವ ಬೋರ್‌ವೆಲ್ ಯಾರದು, ಎಷ್ಟು ಅಡಿ, ಎಷ್ಟು ಇಂಚು ನೀರು, ಕೆರೆ ತುಂಬುವ ಮೊದಲು ಎಷ್ಟಿತ್ತು ಎಂದು ಮನೆ ಮನೆಗೆ ಹೋಗಿ ಕೇಳಿ ಬರೆಯಲಿ. ಮುಂಗಾರಿಗೆ ಮೊದಲು ಆ ಪುಸ್ತಕ ಮುಗಿದರೆ ನನಗೂ ಒಂದು ಪ್ರತಿ ಕಳುಹಿಸಿ. ಪಾಲು ಹಾಕುವ ಲೆಕ್ಕದಲ್ಲಿ ಅವಳಿಗೆ ನೆರವಾಗುತ್ತೇನೆ.